ಕಟ್ಟು ಹಾಕಿರೋದು ಸೊಂಟಕ್ಕೆ, ತೊಂದ್ರೆ ಬರೋದು ಹೊಟ್ಟೆಗೆ

ಸೊಂಟದ ಆಪರೇಷನ್ ಆಗಿ ಎದೆಯಿಂದ ಕಾಲ್ಬೆರಳವರೆಗೂ ಪ್ಲಾಸ್ಟರ್ ಹಾಕಿರೋ ಮಗುನ ಮನೆಗೆ ಕಳಿಸೋವಾಗ ಅಪ್ಪ ಅಮ್ಮ ಕೇಳೋದೆಲ್ಲ ಮೂಳೆ ಬಗ್ಗೆನೇ. ಮೂಳೆ ಕೂಡ್ಕೊಳ್ಳುತ್ತಾ ಸಿಸ್ಟರ್, ಕಾಲು ಗಿಡ್ಡ ಆಗಲ್ಲ ತಾನೆ, ಸ್ಕೂಲಿಗೆ ಯಾವಾಗ ಕಳಿಸ್ಬೋದು. ನಾನು 14 ವರ್ಷದಿಂದ ಬೆಂಗಳೂರಲ್ಲಿ ಮಕ್ಕಳ ಆರ್ಥೋ ವಾರ್ಡಲ್ಲಿ ನರ್ಸ್ ಆಗಿದೀನಿ, ಹೊಟ್ಟೆ ಬಗ್ಗೆ ತಾವಾಗೇ ಕೇಳಿದ ತಂದೆ ತಾಯಿನ ಬೆರಳಲ್ಲಿ ಎಣಿಸ್ಬೋದು. ಆದ್ರೆ ಮನೆಗೆ ಹೋದ್ಮೇಲೆ ರಾತ್ರಿ ಹೊತ್ತು ವಾರ್ಡಿಗೆ ಫೋನ್ ಮಾಡಿಸೋದು ಬಹಳ ಸಲ ಆ ಹೊಟ್ಟೆನೇ, ಅದಕ್ಕೇ ಪ್ಲಾಸ್ಟರ್ ಹಾಕಿದ ಮೇಲೆ ಕರುಳಿನ ದಾರಿ ಕಟ್ಟೋ ಕಾಸ್ಟ್ ಸಿಂಡ್ರೋಮ್ (ಕಾಸ್ಟ್ ಅಂದ್ರೆ ಪ್ಲಾಸ್ಟರ್) ಬಗ್ಗೆ, ಮಲಬದ್ಧತೆ ಬಗ್ಗೆ ಸ್ವಲ್ಪ ಉದ್ದವಾಗೇ ಬರೀತಿದೀನಿ.

ಕೆಲವು ವರ್ಷದ ಹಿಂದಿನ ಮಾತು. ಮಾಗಡಿ ಕಡೆಯ 8 ವರ್ಷದ ಹುಡುಗಿ, ತುಂಬ ಸಣ್ಣಕ್ಕಿದ್ಲು, ಬೇರೆ ಒಂದು ಆಸ್ಪತ್ರೆಲಿ ಸೊಂಟದ ಕೀಲಿನ ಆಪರೇಷನ್ ಆಗಿ ಸ್ಪೈಕಾ, ಅಂದ್ರೆ ಎದೆಯಿಂದ ಕಾಲವರೆಗಿನ ಪ್ಲಾಸ್ಟರ್ ಹಾಕಿ ಡಿಸ್ಚಾರ್ಜ್ ಮಾಡಿದ್ರು. ಮನೆಗೆ ಹೋದ ಎರಡನೇ ದಿನ ವಾಂತಿ ಶುರುವಾಯ್ತು, ಮೊದಲು ಕುಡಿದ ಹಾಲು, ಆಮೇಲೆ ಹಳದಿ ನೀರು, ಆಮೇಲೆ ಹಸಿರು. ಅಜ್ಜಿ "ಪಿತ್ತ ಆಗಿದೆ" ಅಂದ್ರು, ಜೀರಿಗೆ ಕಷಾಯ ಕೊಟ್ರು, ದೃಷ್ಟಿ ತೆಗೆದ್ರು, ಅಪ್ಪ ಮೆಡಿಕಲ್ ಸ್ಟೋರಿಂದ ವಾಂತಿ ಸಿರಪ್ ತಂದ್ರು, ಹೀಗೇ ಒಂದೂವರೆ ದಿನ ಹೋಯ್ತು. ನಮ್ಮ ಕ್ಯಾಶುಯಲ್ಟಿಗೆ ಬಂದಾಗ ಮಗು ಕಣ್ಣು ಗುಳಿ ಬಿದ್ದಿತ್ತು, ನಾಲಿಗೆ ಒಣಗಿತ್ತು, ಬೆಳಗ್ಗೆಯಿಂದ ಮೂತ್ರ ಆಗಿರಲಿಲ್ಲ. ಅಜ್ಜಿ ಸೆರಗಿನ ತುದಿಲೇ ಬಾಯಿ ಒರೆಸ್ತಾ ಇದ್ರು, ಆ ತಿಳಿ ಬಣ್ಣದ ಸೆರಗಿನ ತುಂಬ ಸೊಪ್ಪು ಹಿಂಡಿದ ಹಾಗೆ ಕಡು ಹಸಿರು ಕಲೆ. "ಪಿತ್ತ ತಾನೇ ಕಣವ್ವ, ಇಳೀತದೆ ಅನ್ಕೊಂಡೆ" ಅಂದ್ರು ನನ್ನ ಕೈ ಹಿಡ್ಕೊಂಡು.

ಅಜ್ಜಿ ಹೇಳಿದ ಪದ ಸರಿಯಾಗೇ ಇತ್ತು. ಅದು ನಿಜವಾಗ್ಲೂ ಪಿತ್ತನೇ, ಲಿವರಿಂದ ಬರೋ ಪಿತ್ತರಸ. ಆದ್ರೆ ಪಿತ್ತ ಬಾಯಿಗೆ ಯಾಕೆ ಬಂತು ಅನ್ನೋದೇ ಇಲ್ಲಿ ವಿಷಯ. ಪಿತ್ತರಸ ಬಂದು ಸೇರೋದು ಜಠರ ದಾಟಿದ ಮೇಲೆ, ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಅದಕ್ಕೆ ಡುವೋಡಿನಮ್ ಅಂತಾರೆ. ಅಲ್ಲಿಂದ ಅದು ಕೆಳಗಡೆ ಇಳಿದು ಹೋಗ್ಬೇಕು. ಕೆಳಗಡೆ ದಾರಿ ಮುಚ್ಚಿದ್ರೆ ಅದು ಹಿಂದಕ್ಕೆ ಜಠರಕ್ಕೆ ನುಗ್ಗುತ್ತೆ, ಜಠರ ತುಂಬಿ ವಾಂತಿ ಆಗುತ್ತೆ. ಅಂದ್ರೆ ಪ್ಲಾಸ್ಟರಲ್ಲಿರೋ ಮಗು ಮತ್ತೆ ಮತ್ತೆ ಹಸಿರು ವಾಂತಿ ಮಾಡ್ತಿದೆ ಅಂದ್ರೆ ಪಿತ್ತರಸ ಸೇರೋ ಜಾಗದಿಂದ ಮುಂದೆ ಎಲ್ಲೋ ದಾರಿ ಕಟ್ಟಿದೆ ಅಂತಾನೇ ಅನುಮಾನ ಪಡ್ಬೇಕು. ಕಷಾಯ ಹೋಗೋಕೂ ಅಲ್ಲಿ ದಾರಿ ಇಲ್ಲ.

ಹೇಗೆ ಕಟ್ಟುತ್ತೆ? ಬೇಸಿಗೆಲಿ ನಮ್ಮ ಕಡೆ ನೀರಿನ ಟ್ಯಾಂಕರ್ ಬಂದಾಗ ಪೈಪನ್ನ ಗೇಟಿನ ಸಂದಿಯಿಂದ ಒಳಗೆ ಸಂಪ್ ತೊಟ್ಟಿಗೆ ಎಳೀತಾರಲ್ಲ, ಅದನ್ನ ನೆನಪಿಸ್ಕೊಳ್ಳಿ. ಬೆನ್ನುಮೂಳೆ ಮುಂದೆ ಅಯೋರ್ಟಾ ಅನ್ನೋ ದೊಡ್ಡ ರಕ್ತನಾಳ ನೇರ ಕೆಳಗಿಳಿಯುತ್ತೆ, ಅದು ಗೇಟಿನ ಕಂಬ ಅನ್ಕೊಳ್ಳಿ. ಅದರಿಂದ ಕರುಳಿಗೆ ರಕ್ತ ಕೊಡೋ ಇನ್ನೊಂದು ನಾಳ ಮುಂದಕ್ಕೆ ಓರೆಯಾಗಿ ಕವಲೊಡೆಯುತ್ತೆ, ಡಾಕ್ಟರುಗಳು ಎಸ್‌ಎಂಎ ಅಂತಾರೆ, ಅದು ಅರ್ಧ ತೆರೆದ ಗೇಟು. ಇವೆರಡರ ಸಂದಿಯಲ್ಲೇ ಡುವೋಡಿನಮ್ಮಿನ ಮೂರನೇ ಭಾಗ ಅಡ್ಡ ಹಾದು ಹೋಗುತ್ತೆ, ಅದೇ ಪೈಪು. ಗೇಟು ಮುಚ್ಕೊಳ್ಳದ ಹಾಗೆ ಸಂದಿಗೆ ಬಟ್ಟೆ ಮಡಚಿ ಇಡ್ತೀವಲ್ಲ, ಹಂಗೇ ಅಲ್ಲಿ ಒಂದಿಷ್ಟು ಕೊಬ್ಬು ಮೆತ್ತಗೆ ಕೂತಿರುತ್ತೆ. ದೊಡ್ಡೋರಲ್ಲಿ ಅಳೆದಿರೋ ಲೆಕ್ಕದ ಪ್ರಕಾರ ಆ ಕೋನ ಸಾಮಾನ್ಯವಾಗಿ 38ರಿಂದ 65 ಡಿಗ್ರಿ, ಸಂದಿಯ ಅಗಲ 10ರಿಂದ 28 ಮಿಲಿಮೀಟರ್. ಕೋನ 25 ಡಿಗ್ರಿಗಿಂತ ಕೆಳಗೆ ಹೋಗಿ ಸಂದಿ 8 ಮಿಲಿಮೀಟರಿಗಿಂತ ಕಡಿಮೆ ಆಯ್ತು ಅಂದ್ರೆ ಕರುಳು ಅಪ್ಪಚ್ಚಿ ಆಗುತ್ತೆ. 8 ಮಿಲಿಮೀಟರ್ ಅಂದ್ರೆ ಒಂದು ಪೆನ್ಸಿಲ್ ದಪ್ಪಕ್ಕಿಂತ ಚೂರು ಜಾಸ್ತಿ, ಅಷ್ಟೇ.

ಈಗ ಪ್ಲಾಸ್ಟರಿಗೂ ಇದಕ್ಕೂ ಏನು ಸಂಬಂಧ ಅಂದ್ರೆ, ಮೂರು ನಾಲ್ಕು ಕಡೆಯಿಂದ ಗೇಟು ತಳ್ಳಿದ ಹಾಗೆ ಆಗುತ್ತೆ. ಮಗು ಇಡೀ ದಿನ ಅಂಗಾತ ಮಲಗಿರುತ್ತೆ, ಕರುಳಿನ ಭಾರ ಎಲ್ಲ ಹಿಂದಕ್ಕೆ ಬೆನ್ನಿನ ಕಡೆ ಬೀಳುತ್ತೆ. ಪ್ಲಾಸ್ಟರ್ ಸೊಂಟದ ಹತ್ರ ಬೆನ್ನನ್ನ ಬಿಲ್ಲಿನ ಹಾಗೆ ಬಗ್ಗಿಸಿ ಹಿಡಿದಿದ್ರೆ ಹಿಂದಿನಿಂದ ಒತ್ತುತ್ತೆ. ಬೆನ್ನುಮೂಳೆ ಸೊಟ್ಟ ಇರೋ ಮಕ್ಕಳಿಗೆ ಆಪರೇಷನ್ ಮಾಡಿ ನೇರ ಮಾಡಿದಾಗ ಮುಂಡದ ಭಾಗ ಒಂದೇ ದಿನದಲ್ಲಿ ಉದ್ದ ಆಗುತ್ತೆ, ಎಸ್‌ಎಂಎ ನಾಳ ಕೆಳಕ್ಕೆ ಜಗ್ಗಿ ಕೋನ ಕಿರಿದಾಗುತ್ತೆ. ಜೊತೆಗೆ ಆಪರೇಷನ್ ಆದ ವಾರದಲ್ಲಿ ಮಗು ಸರಿಯಾಗಿ ಊಟ ಮಾಡಲ್ಲ, ತೂಕ ಇಳಿಯುತ್ತೆ, ಸಂದಿಗೆ ಬಟ್ಟೆ ಥರ ಇದ್ದ ಕೊಬ್ಬೂ ಕರಗುತ್ತೆ. ಅದಕ್ಕೇ ಸಣ್ಣಕ್ಕೆ ಉದ್ದಕ್ಕೆ ಬೆಳೀತಿರೋ ಹತ್ತರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಭಯ ಜಾಸ್ತಿ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದ್ರೆಯಿಂದ ಕೈಕಾಲು ಹಿಡಿತದಲ್ಲಿರದ ಸ್ಥಿತಿ) ಇರೋ ಮಕ್ಕಳಲ್ಲೂ, ಯಾಕಂದ್ರೆ ಅವರಲ್ಲಿ ಬಹಳ ಜನ ಮೊದಲೇ ತೆಳ್ಳಗಿರ್ತಾರೆ, ಹೊಟ್ಟೆ ನೋವು ಅಂತ ಬಾಯಿಬಿಟ್ಟು ಹೇಳೋಕೂ ಕೆಲವರಿಗೆ ಆಗಲ್ಲ ಪಾಪ.

ಇದೇನೂ ಹೊಸ ಕಾಯಿಲೆ ಅಲ್ಲ. ಈ ಸಂದಿ ಬಗ್ಗೆ 19ನೇ ಶತಮಾನದಲ್ಲೇ ವಿಯೆನ್ನಾದ ರೋಕಿಟಾನ್ಸ್ಕಿ ಬರೆದಿದ್ರು. 1878ರಲ್ಲಿ ವಿಲೆಟ್ ಅನ್ನೋ ಲಂಡನ್ನಿನ ಸರ್ಜನ್, ಬೆನ್ನುಮೂಳೆ ಸೊಟ್ಟ ಇದ್ದ ಒಬ್ಬ ರೋಗಿ ಮೈಗೆ ಪ್ಲಾಸ್ಟರ್ ಹಾಕಿದ ಮೇಲೆ ವಾಂತಿ ನಿಲ್ಲದೆ ತೀರಿಕೊಂಡದ್ದನ್ನ ದಾಖಲಿಸಿದ್ರು. 1927ರಲ್ಲಿ ವಿಲ್ಕಿ ಅನ್ನೋರು 75 ರೋಗಿಗಳ ವಿವರ ಕೊಟ್ರು, 1950ರಲ್ಲಿ ಡಾರ್ಫ್ ಅನ್ನೋರು ಇದಕ್ಕೆ "ಕಾಸ್ಟ್ ಸಿಂಡ್ರೋಮ್" ಅಂತ ಹೆಸರಿಟ್ರು. ನೂರು ವರ್ಷಕ್ಕೂ ಮುಂಚಿನಿಂದ ಗೊತ್ತಿರೋ ವಿಷಯ, ಆದ್ರೆ ಆ ಮಾಗಡಿ ಹುಡುಗಿ ಡಿಸ್ಚಾರ್ಜ್ ಶೀಟಲ್ಲಿ ವಾಂತಿ ಅನ್ನೋ ಪದಾನೇ ಇರಲಿಲ್ಲ, ಇದ್ದದ್ದೆಲ್ಲ ಇಂಗ್ಲಿಷಲ್ಲಿ, ಪ್ಲಾಸ್ಟರ್ ಒದ್ದೆ ಮಾಡಬೇಡಿ ಅಂತ ಒಂದು ಸಾಲು, ಮುಂದಿನ ಎಕ್ಸ್‌ರೇ ತಾರೀಕು ಒಂದು ಸಾಲು. ಅದು ನನಗೆ ಇವತ್ತಿಗೂ ಸಂಕಟ. ಕಾಯಿಲೆ ಅಪರೂಪದ್ದು ನಿಜ, ಹತ್ತು ಮಕ್ಕಳಿಗೆ ಪ್ಲಾಸ್ಟರ್ ಹಾಕಿದ್ರೆ ಹತ್ತು ಜನಕ್ಕೂ ಬರುತ್ತೆ ಅಂತಲ್ಲ, ಆದ್ರೆ ಬಂದಾಗ ಮೊದಲು ನೋಡೋದು ಮನೆಯೋರ ಕಣ್ಣು, ಆ ಕಣ್ಣಿಗೆ ಗುರುತು ಹೇಳ್ಕೊಡದೇ ಕಳಿಸೋದು ಸರಿಯಲ್ಲ.

ಆ ಹುಡುಗಿಗೆ ಏನು ಮಾಡಿದ್ರು ಅಂತ ಹೇಳ್ತೀನಿ, ಚಿಕಿತ್ಸೆ ಹೇಗಿರುತ್ತೆ ಅಂತ ಅದರಲ್ಲೇ ಗೊತ್ತಾಗುತ್ತೆ. ಬಾಯಿಗೆ ಏನೂ ಕೊಡಬಾರದು ಅಂತ ಮೊದಲು ನಿಲ್ಲಿಸಿದ್ವಿ. ಮೂಗಿಂದ ಜಠರಕ್ಕೆ ರೈಲ್ಸ್ ಟ್ಯೂಬ್ ಹಾಕಿದ ತಕ್ಷಣ ಹಸಿರು ನೀರು ಸುರಿದು ವಾಂತಿ ಹಿಡಿಯೋ ಕಿಡ್ನಿ ಟ್ರೇ ತುಂಬ್ತು, ಇನ್ನೊಂದು ಟ್ರೇ ಇಟ್ವಿ. ಹೊಟ್ಟೆ ಬಿಗಿ ಇಳಿದ ಹಾಗೆ ಮಗು ಉಸಿರು ನಿಧಾನ ಆಯ್ತು. ಡ್ರಿಪ್ ಹಾಕಿ ರಕ್ತ ಪರೀಕ್ಷೆ ಕಳಿಸಿದ್ರು, ಯಾಕಂದ್ರೆ ವಾಂತಿಲಿ ನೀರಷ್ಟೇ ಹೋಗಲ್ಲ, ಪೊಟ್ಯಾಸಿಯಂ, ಕ್ಲೋರೈಡ್ ಎಲ್ಲ ಹೋಗುತ್ತೆ, ಪೊಟ್ಯಾಸಿಯಂ ತೀರಾ ಇಳಿದ್ರೆ ಹೃದಯದ ಬಡಿತಕ್ಕೇ ತೊಂದ್ರೆ. ಎಕ್ಸ್‌ರೇಲಿ ಜಠರ ಬಲೂನ್ ಥರ ಊದಿತ್ತು, ಸ್ಕ್ಯಾನಲ್ಲಿ ಸಂದಿ ಕಿರಿದಾಗಿರೋದು ಕಾಣಿಸ್ತು. ಆಮೇಲೆ ಪ್ಲಾಸ್ಟರ್ ಕಟರ್ ತಂದು ಹೊಟ್ಟೆ ಮೇಲೆ ಒಂದು ಊಟದ ತಟ್ಟೆಯಷ್ಟು ಅಗಲಕ್ಕೆ ದುಂಡಗೆ ಕತ್ತರಿಸಿ ತೆಗೆದ್ರು, ನಾವು ಅದಕ್ಕೆ ವಿಂಡೋ ಅಂತೀವಿ. ಕಟರ್ ಸದ್ದಿಗೆ ಹುಡುಗಿ ಬೆಚ್ಚಿಬಿದ್ಲು, ಅದರ ಬ್ಲೇಡು ಸುತ್ತಲ್ಲ ಅದುರುತ್ತೆ ಅಷ್ಟೇ ನೋಡು ಪುಟ್ಟಾ ಅಂತ ಡಾಕ್ಟರ್ ತಮ್ಮ ಅಂಗೈಗೆ ಇಟ್ಟು ತೋರಿಸಿದ್ರು. ಆ ತುಂಡು ಎತ್ತಿದ ಕೂಡ್ಲೇ ಒಳಗಿನ ಹತ್ತಿ ಸಮೇತ ಹೊಟ್ಟೆ ಮೇಲಕ್ಕೆ ಉಬ್ಬಿ ಬಂತು, ಎಷ್ಟು ಒತ್ತಡ ಇತ್ತು ಅಂತ ಅವತ್ತು ಕಣ್ಣಾರೆ ನೋಡಿದೆ.

ನಂತರದ್ದು ಮಲಗಿಸೋ ಕೆಲಸ. ಅಂಗಾತ ಬಿಡದೆ ಎಡಮಗ್ಗುಲಿಗೆ, ಆಮೇಲೆ ದಿಂಬು ಕೊಟ್ಟು ಬೋರಲು. ಬೋರಲು ಮಲಗಿದ್ರೆ ಕರುಳು ಮುಂದಕ್ಕೆ ಬೀಳುತ್ತೆ, ಗೇಟು ತೆರ್ಕೊಳ್ಳುತ್ತೆ. ಬೇರೆ ರೋಗಿಗಳಿಗಾದ್ರೆ ಮಂಡಿನ ಎದೆಗೆ ಸೇರಿಸ್ಕೊಂಡು ಮಲಗು ಅಂತ ಹೇಳ್ಬೋದು, ಸ್ಪೈಕಾ ಮಗುಗೆ ಅದು ಆಗೋ ಮಾತಲ್ಲ, ಹಾಗಾಗಿ ಈ ಮಗ್ಗುಲು ಬದಲಾಯಿಸೋದೇ ನಮ್ಮ ಕೈಲಿರೋ ಔಷಧಿ. ಟ್ಯೂಬಿಂದ ಬರೋ ಹಸಿರು ಕಮ್ಮಿ ಆದ್ಮೇಲೆ ಚಮಚದಲ್ಲಿ ನೀರು, ಆಮೇಲೆ ಗಂಜಿ ತಿಳಿ, ಆಮೇಲೆ ಮೆತ್ತಗಿನ ಮೊಸರನ್ನ. ಕೆಲವು ಮಕ್ಕಳಿಗೆ ಇಷ್ಟಕ್ಕೇ ಸರಿ ಹೋಗಲ್ಲ, ಪ್ಲಾಸ್ಟರನ್ನೇ ಎರಡು ಹೋಳು ಮಾಡಿ ಬಿಚ್ಚಬೇಕಾಗುತ್ತೆ, ಅಥವಾ ಕಟ್ಟಿದ ಜಾಗ ದಾಟಿಸಿ ಕರುಳಿಗೇ ಟ್ಯೂಬ್ ಇಳಿಸಿ ಆಹಾರ ಕೊಟ್ಟು ತೂಕ ಏರಿಸ್ತಾರೆ, ತೂಕ ಏರಿ ಆ ಕೊಬ್ಬು ಮತ್ತೆ ತುಂಬಿದ್ರೆ ಸಂದಿ ತಾನೇ ಅಗಲ ಆಗುತ್ತೆ. ಆಪರೇಷನ್‌ವರೆಗೂ ಹೋಗೋದು ತೀರಾ ಕಮ್ಮಿ. ತಡ ಮಾಡಿದ್ರೆ ಮಾತ್ರ ವಾಂತಿ ಶ್ವಾಸಕೋಶಕ್ಕೆ ಹೋಗ್ಬೋದು, ಊದಿದ ಜಠರ ಒಡೀಬೋದು, ಜೀವಕ್ಕೇ ಕುತ್ತು.

ಎಲ್ಲ ವಾಂತಿನೂ ಇದೇ ಅಂತ ಗಾಬರಿ ಆಗೋದೂ ಬೇಡ. ಆಪರೇಷನ್ ಆದ ಮೊದಲ ಒಂದೆರಡು ದಿನ ಅನಸ್ತೇಶಿಯಾದಿಂದ, ನೋವಿನ ಇಂಜೆಕ್ಷನ್ನಿಂದ ವಾಕರಿಕೆ ಬರುತ್ತೆ, ಕರುಳು ಕೂಡ ಸ್ವಲ್ಪ ಮಲಗಿಬಿಡುತ್ತೆ, ಗ್ಯಾಸ್ ಹೋದ ಮೇಲೆ ನಿಧಾನಕ್ಕೆ ಕೆಲಸ ಶುರು ಮಾಡುತ್ತೆ. ಅದಕ್ಕೇ ಡಾಕ್ಟರ್ ರೌಂಡ್ಸಲ್ಲಿ "ಗ್ಯಾಸ್ ಹೋಯ್ತಾ" ಅಂತ ಕೇಳೋದು, ನಾಚ್ಕೊಂಡು ಸುಮ್ನಿರಬೇಡಿ, ಹೇಳಿ. ಆದ್ರೆ ಕಾಸ್ಟ್ ಸಿಂಡ್ರೋಮ್ ಪ್ಲಾಸ್ಟರ್ ಹಾಕಿದ ಕೆಲವೇ ದಿನಕ್ಕೂ ಬರ್ಬೋದು, ವಾರಗಳಾದ ಮೇಲೂ ಬರ್ಬೋದು, ಹಾಗಾಗಿ ಮೊದಲ ವಾರ ಕಳೀತು ಇನ್ನೇನಿಲ್ಲ ಅನ್ನೋ ಹಾಗಿಲ್ಲ. ವಾಂತಿಗೆ ಮುಂಚೆ ಸಣ್ಣ ಗುರುತು ಇರುತ್ತೆ, ಎರಡು ತುತ್ತಿಗೇ ಸಾಕು ಅನ್ನೋದು, ಪದೇ ಪದೇ ತೇಗು, ಊಟ ಆದ್ಮೇಲೆ ಹೊಟ್ಟೆ ಟೈಟ್ ಅಂತ ಅಳೋದು, ಮಗ್ಗುಲು ತಿರುಗಿಸಿದ್ರೆ ಮಾತ್ರ ಸಮಾಧಾನ ಆಗೋದು.

ಪ್ಲಾಸ್ಟರ್ ಹಾಕೋವಾಗಲೇ ಒಂದು ಜಾಗ್ರತೆ ಇದೆ. ಮಗು ಹೊಟ್ಟೆ ಮೇಲೆ ಟವೆಲ್ ಮಡಚಿ ಇಟ್ಟು ಅದರ ಮೇಲೆ ಪ್ಲಾಸ್ಟರ್ ಸುತ್ತಿ, ಗಟ್ಟಿ ಆದ ಮೇಲೆ ಟವೆಲ್ ಎಳೆದು ತೆಗೀತಾರೆ, ಊಟ ಮಾಡಿದಾಗ ಹೊಟ್ಟೆ ಉಬ್ಬೋಕೆ ಅಷ್ಟು ಜಾಗ ಉಳಿಯುತ್ತೆ. ಬೆನ್ನು ಸೊಟ್ಟ ಇರೋ ಪುಟ್ಟ ಮಕ್ಕಳಿಗೆ ಎರಡು ಮೂರು ತಿಂಗಳಿಗೊಂದು ಸಲ ಬದಲಾಯಿಸ್ತಾ ಹಾಕೋ ಮೈ ಪ್ಲಾಸ್ಟರಲ್ಲಂತೂ, ಲಂಡನ್ನಿನ ಮಿನ್ ಮೆಹ್ತಾ ಅನ್ನೋ ಡಾಕ್ಟರ್ ಹೆಸರಲ್ಲಿ ಮೆಹ್ತಾ ಕಾಸ್ಟ್ ಅಂತಾರೆ, ಮುಂದೆ ದೊಡ್ಡ ಕಿಂಡಿ ಬಿಟ್ಟೇ ಇರ್ತಾರೆ. ಮನೆಗೆ ಹೊರಡೋ ಮುಂಚೆ ಮಗುಗೆ ಊಟ ಮಾಡಿಸಿ ಪ್ಲಾಸ್ಟರಿನ ಮೇಲಂಚಲ್ಲಿ ನಿಮ್ಮ ಎರಡು ಬೆರಳು ಆರಾಮಾಗಿ ಒಳಗೆ ಹೋಗುತ್ತಾ ನೋಡಿ, ಬಿಗಿ ಅನ್ನಿಸಿದ್ರೆ ಅಲ್ಲೇ ಸಿಸ್ಟರ್ ಕರೆದು ತೋರಿಸಿ. ಮನೇಲಿ ನೀವೇ ಚಾಕು ಕತ್ತರಿ ತಗೊಂಡು ಕುಯ್ಯೋಕೆ ಹೋಗಬೇಡಿ.

ಇನ್ನು ದಿನಾ ಕಾಡೋದು ಮಲಬದ್ಧತೆ. ಇದು ಅಪರೂಪ ಅಲ್ಲ, ಹೆಚ್ಚುಕಮ್ಮಿ ಪ್ರತಿ ಮನೇಲೂ ಕೇಳ್ತೀನಿ. ಓಡಾಡ್ತಿದ್ದ ಮಗು ಮಲಗಿದ್ರೆ ಕರುಳಿನ ಚಲನೆ ನಿಧಾನ ಆಗುತ್ತೆ, ಟ್ರಮಡಾಲ್, ಮಾರ್ಫಿನ್ ಥರದ ನೋವಿನ ಔಷಧಿ ಅದನ್ನ ಇನ್ನೂ ನಿಧಾನ ಮಾಡುತ್ತೆ, ಮಲಗಿಕೊಂಡು ತಿಣುಕೋಕೆ ಬಲ ಸಿಗಲ್ಲ, ಮೇಲಾಗಿ ಐದಾರು ವರ್ಷ ದಾಟಿದ ಮಕ್ಕಳಿಗೆ ಎಲ್ಲರ ಮುಂದೆ ಬೆಡ್‌ಪ್ಯಾನ್ ಅಂದ್ರೆ ನಾಚಿಕೆ, ತಡ್ಕೊಂಡು ತಡ್ಕೊಂಡು ಗಟ್ಟಿ ಮಾಡ್ಕೊಳ್ತಾರೆ. ಕೆಲವು ಮಕ್ಕಳು ಪ್ಯಾನ್ ತಪ್ಪಿಸೋಕೆ ನೀರನ್ನೇ ಕುಡಿಯಲ್ಲ. ಕೆಲವು ಅಮ್ಮಂದಿರೂ ಪ್ಲಾಸ್ಟರ್ ಒದ್ದೆ ಆಗುತ್ತೆ ಅಂತ ಹೆದರಿ ನೀರು ಕಮ್ಮಿ ಮಾಡ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀರು ಕೊಡಿ, ಮಜ್ಜಿಗೆ ಕೊಡಿ, ಎಳನೀರು ಕೊಡಿ. ಪ್ಲಾಸ್ಟರ್ ಒದ್ದೆ ಆಗದ ಹಾಗೆ ತಲೆ ಕಡೆ ಯಾವಾಗ್ಲೂ ಸ್ವಲ್ಪ ಎತ್ತರ ಇಡಿ, ಆಗ ಮೂತ್ರ ಹಿಂದಕ್ಕೆ ಬೆನ್ನಿನ ಕಡೆ ಹರಿಯಲ್ಲ, ಪುಟ್ಟ ಮಕ್ಕಳಿಗೆ ಒಂದು ಚಿಕ್ಕ ಸೈಜ್ ಡೈಪರನ್ನ ಪ್ಲಾಸ್ಟರಿನ ಅಂಚಿನ ಒಳಗೆ ಸಿಕ್ಕಿಸಿ ಅದರ ಮೇಲೆ ದೊಡ್ಡದು ಕಟ್ಟಿ.

ನಾರು ಇರೋ ಊಟ ಅಂತ ಎಲ್ಲರೂ ಹೇಳ್ತಾರೆ, ಸರಿನೇ, ಪಪ್ಪಾಯ, ಸೀಬೆ, ಸೊಪ್ಪಿನ ಸಾರು, ರಾಗಿ, ನೆನೆಸಿದ ಒಣದ್ರಾಕ್ಷಿ. ಆದ್ರೆ ನೀರಿಲ್ಲದೆ ಬರೀ ನಾರು ಕೊಟ್ರೆ ಅದೇ ಒಳಗೆ ಗಟ್ಟಿ ಉಂಡೆ ಆಗುತ್ತೆ, ಹೊಟ್ಟೆ ಇನ್ನೂ ಉಬ್ಬುತ್ತೆ. ಹಾಲು ಲೋಟಗಟ್ಟಲೆ ಕುಡಿಸೋದೂ ಅಷ್ಟೇ, ಹೊಟ್ಟೆ ತುಂಬಿ ಬೇರೆ ಊಟ ಸೇರಲ್ಲ, ಮೋಷನ್ನೂ ಗಟ್ಟಿ ಆಗುತ್ತೆ. ಮೂಳೆ ಬೇಗ ಕೂಡ್ಲಿ ಅಂತ ದಿನಾ ಕಾಲ್ ಸೂಪ್ ಕೊಡೋ ಮನೆಗಳಿದಾವೆ, ಅವರ ಪ್ರೀತಿ ನನಗೆ ಅರ್ಥ ಆಗುತ್ತೆ, ಕೊಡಿ, ಆದ್ರೆ ಮೇಲಿನ ಜಿಡ್ಡು ತೆಗೆದು ಅರ್ಧ ಬಟ್ಟಲು ಕೊಡಿ, ಜಿಡ್ಡು ಜಾಸ್ತಿ ಆದಷ್ಟೂ ಜಠರ ಖಾಲಿ ಆಗೋದು ತಡ. ಮೂರು ಹೊತ್ತು ಹೊಟ್ಟೆ ತುಂಬ ತಿನ್ನಿಸೋ ಬದಲು ಆರು ಹೊತ್ತು ಸ್ವಲ್ಪ ಸ್ವಲ್ಪ, ಬೆನ್ನಿಗೆ ದಿಂಬು ಕೊಟ್ಟು ಓರೆಯಾಗಿ ಎತ್ತಿ. ಪೂರ್ತಿ ಅಂಗಾತ ಮಲಗಿಸಿ ತಿನ್ನಿಸಿದ್ರೆ ಶ್ವಾಸಕ್ಕೆ ಹತ್ತುತ್ತೆ, ಎದೆ ಉರಿನೂ ಬರುತ್ತೆ.

ಕ್ಯಾಲ್ಸಿಯಂ ಸಿರಪ್ ವಿಷಯ ಬೇರೆಯಾಗೇ ಹೇಳ್ಬೇಕು. ಮೂಳೆಗೆ ಭಾರ ಬೀಳದೆ ವಾರಗಟ್ಟಲೆ ಮಲಗಿದ್ರೆ ಮೂಳೆಯಿಂದಲೇ ಕ್ಯಾಲ್ಸಿಯಂ ಕರಗಿ ರಕ್ತಕ್ಕೆ ಬರುತ್ತೆ, ಜೋರಾಗಿ ಬೆಳೀತಿರೋ ದೊಡ್ಡ ಹುಡುಗರಲ್ಲಿ ಇದು ಜಾಸ್ತಿ. ರಕ್ತದಲ್ಲಿ ಕ್ಯಾಲ್ಸಿಯಂ ಏರಿದ್ರೆ ಹಸಿವು ಇಲ್ಲ, ವಾಕರಿಕೆ, ಮಲಬದ್ಧತೆ, ಬಾಯಾರಿಕೆ, ಮಂಕು. ನೋಡೋಕೆ ಬೇಜಾರಿಗೆ ಮಂಕಾಗಿದೆ ಅನ್ನಿಸುತ್ತೆ. ಹಾಗಾಗಿ ಡಾಕ್ಟರ್ ಬರೆದುಕೊಡದೆ ಕ್ಯಾಲ್ಸಿಯಂ, ವಿಟಮಿನ್ ಡಿ ಅಂಗಡಿಯಿಂದ ತಂದು ಹಾಕಬೇಡಿ. ರಾಗಿ ಅಂಬಲಿ ಕೊಡೋದಕ್ಕೆ ಭಯ ಬೇಡ, ಅದು ಊಟ.

ಎರಡು ದಿನ ದಾಟಿದ್ರೂ ಮೋಷನ್ ಆಗಿಲ್ಲ ಅಂದ್ರೆ ಫೋನ್ ಮಾಡಿ ಕೇಳಿ, ಮೋಷನ್ ಸಡಿಲ ಮಾಡೋ ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಪೌಡರ್ ಮಗು ತೂಕ ನೋಡಿ ಡೋಸ್ ಹೇಳ್ತಾರೆ. ಹರಳೆಣ್ಣೆ, ಎನಿಮಾ ನಿಮ್ಮಷ್ಟಕ್ಕೆ ಬೇಡ. ಒಂದು ಮೋಸದ ಗುರುತು ಇದೆ. ನಾಲ್ಕೈದು ದಿನ ಮೋಷನ್ ಆಗದ ಮಗುಗೆ ಇದ್ದಕ್ಕಿದ್ದ ಹಾಗೆ ನೀರು ನೀರಾಗಿ ಸ್ವಲ್ಪ ಸ್ವಲ್ಪ ಸೋರ್ತಾ ಇದ್ರೆ ಅದು ಭೇದಿ ಅನ್ಕೊಂಡು ನಿಲ್ಲಿಸೋ ಮಾತ್ರೆ ಕೊಡ್ತಾರೆ, ನಿಜವಾಗಿ ಒಳಗೆ ಗಟ್ಟಿ ಉಂಡೆ ಕೂತು ಅದರ ಪಕ್ಕದಿಂದ ನೀರು ಸೋರ್ತಿರುತ್ತೆ. ನಿಲ್ಲಿಸೋ ಮಾತ್ರೆ ಕೊಟ್ರೆ ಇನ್ನೂ ಕಟ್ಟುತ್ತೆ.

ಯಾವಾಗ ಹೊರಡ್ಬೇಕು ಅಂದ್ರೆ, ಹಸಿರು ವಾಂತಿ ಒಂದು ಸಲ ಆದ್ರೂ ಅವತ್ತೇ, ಆ ಗಂಟೆಗೇ. ಯಾವ ಬಣ್ಣದ್ದೇ ಆಗ್ಲಿ ಕುಡಿದದ್ದೆಲ್ಲ ವಾಪಸ್ ಬರ್ತಿದ್ರೆ, ಹೊಟ್ಟೆ ಕಲ್ಲಿನ ಹಾಗೆ ಆಗಿದ್ರೆ, ಆರೆಂಟು ಗಂಟೆಯಿಂದ ಮೂತ್ರ ಇಲ್ಲ ಅಂದ್ರೆ, ಉಸಿರು ಮೇಲೆ ಮೇಲೆ ಎಳೀತಿದ್ರೆ ಅದೂ ಅಷ್ಟೇ. ವಾಂತಿ ಸಿರಪ್ ಕೊಟ್ಟು ಬೆಳಗ್ಗೆ ನೋಡೋಣ ಅನ್ನಬೇಡಿ, ಸಿರಪ್ ದಾರಿ ಬಿಡಿಸಲ್ಲ, ಗುರುತನ್ನ ಮಾತ್ರ ಮುಚ್ಚುತ್ತೆ. ಸ್ಪೈಕಾ ಮಗು ಆಟೋದಲ್ಲಿ ಹಿಡಿಯೋದೇ ಕಷ್ಟ, 108ಕ್ಕೆ ಮಾಡಿ, ಬರೋವರೆಗೂ ಎಡಮಗ್ಗುಲಿಗೆ ತಿರುಗಿಸಿ, ತಿರುಗಿಸೋವಾಗ ಕಾಲುಗಳ ಮಧ್ಯೆ ಇರೋ ಕೋಲು ಹಿಡಿದು ಎಳೀಬೇಡಿ, ಅದು ಹಿಡಿಕೆ ಅಲ್ಲ. ವಾಂತಿ ಬಣ್ಣ ಮೊಬೈಲಲ್ಲಿ ಒಂದು ಫೋಟೋ ತೆಗೆದಿಡಿ. ಕ್ಯಾಶುಯಲ್ಟಿಲಿರೋ ಡ್ಯೂಟಿ ಡಾಕ್ಟರಿಗೆ ಪ್ಲಾಸ್ಟರ್ ಒಳಗಿನ ಹೊಟ್ಟೆ ಮುಟ್ಟಿ ನೋಡೋಕೆ ಆಗಲ್ಲ, ನಿಮ್ಮ ಮಾತೇ ಅವರಿಗೆ ಕಣ್ಣು. ಯಾವತ್ತು ಪ್ಲಾಸ್ಟರ್ ಹಾಕಿದ್ದು, ಎಷ್ಟು ಸಲ ವಾಂತಿ, ಯಾವ ಬಣ್ಣ, ಕೊನೇ ಮೋಷನ್ ಯಾವಾಗ, ಕೊನೇ ಮೂತ್ರ ಯಾವಾಗ, ಇಷ್ಟು ಹೇಳಿ, ಆಮೇಲೆ "ಕಾಸ್ಟ್ ಸಿಂಡ್ರೋಮ್ ಇರ್ಬೋದಾ ಸರ್" ಅಂತ ಕೇಳೇಬಿಡಿ. ಕೇಳಿದ್ರೆ ಯಾರಿಗೂ ಅವಮಾನ ಆಗಲ್ಲ.

ಆ ಹುಡುಗಿ ಹತ್ತನೇ ದಿನಕ್ಕೆ ಮನೆಗೆ ಹೋದ್ಲು, ಹೊಟ್ಟೆ ಮೇಲಿನ ಕಿಂಡಿ ಹಾಗೇ ಇತ್ತು, ಅಜ್ಜಿ ಊಟ ಆದಾಗಲೆಲ್ಲ ಅದರೊಳಗೆ ಅಂಗೈ ಇಟ್ಟು ಹೊಟ್ಟೆ ಮೆತ್ತಗಿದ್ಯಾ ಅಂತ ನೋಡ್ತಿದ್ರಂತೆ. ಆರು ವಾರ ಆದ್ಮೇಲೆ ಪ್ಲಾಸ್ಟರ್ ಬಿಚ್ಚೋಕೆ ಬಂದಾಗ ಅಮ್ಮ ಒಂದು ನೋಟ್‌ಬುಕ್ ತಂದಿದ್ರು, ಪ್ರತಿ ಪುಟದಲ್ಲೂ ಊಟ, ನೀರು, ಮೂತ್ರ, ಕಕ್ಕ, ಮಗ್ಗುಲು ಬದಲಾಯಿಸಿದ ಟೈಮ್. ಪ್ಲಾಸ್ಟರ್ ಬಿಚ್ಚಿದ ತಕ್ಷಣ ಎಲ್ಲ ಮೊದಲಿನ ಹಾಗೆ ಆಗಲ್ಲ ಅಂತ ಅವರಿಗೂ ಹೇಳಿದೆ, ಸೊಂಟ ಮಂಡಿ ಬಿಗಿದಿರುತ್ತೆ, ಇಂಡಿಯನ್ ಟಾಯ್ಲೆಟಲ್ಲಿ ಕುಕ್ಕರಗಾಲಲ್ಲಿ ಕೂರೋಕೆ ಆಗಲ್ಲ, ಆಗದೇ ಇರೋದಕ್ಕೇ ಮಗು ಮತ್ತೆ ತಡ್ಕೊಳ್ಳೋಕೆ ಶುರು ಮಾಡುತ್ತೆ, ಅದಕ್ಕೆ ಡಾಕ್ಟರ್ ಕೂರ್ಬೋದು ಅಂದ ಮೇಲೆ ಮಧ್ಯ ತೂತಿರೋ ಕಮೋಡ್ ಚೇರ್ ಒಂದು ಬಾಡಿಗೆಗಾದ್ರೂ ತನ್ನಿ, ಕಾಲಿಗೊಂದು ಮಣೆ ಕೊಡಿ, ಬೆಳಗ್ಗೆ ತಿಂಡಿ ಆದ ಹತ್ತು ನಿಮಿಷಕ್ಕೆ ದಿನಾ ಕೂರಿಸಿ, ಬಾಗಿಲು ಮುಂದಕ್ಕೆ ಎಳೆದು ನೀವು ಹೊರಗೆ ನಿಂತಿರಿ.